ನೂರೈದು ಕಿಲೋ

"ಒಂದ್ನಿಮಿಷ ಒಳಗೆ ಬರ್ತೀರಾ?" ಎಂದು ಮೇಷ್ಟ್ರು ಗಾಜಿನ ಬಾಗಿಲನ್ನು ಅರ್ಧ ತೆರೆದು ಕರೆದಾಗ, ಅವಳು ಮೊದಲು ಮಾಡಿದ ಕೆಲಸವೆಂದರೆ ಕುರ್ಚಿಗೆ ನೇತುಹಾಕಿದ್ದ ಕೈಚೀಲವನ್ನು ತೆಗೆದು ಹೆಗಲಿಗೇರಿಸಿಕೊಂಡದ್ದು. ಊಟದ ಡಬ್ಬಿ, ನೀರಿನ ಬಾಟಲಿ, ಕನ್ನಡಕದ ಪೆಟ್ಟಿಗೆ ಎಲ್ಲವೂ ಅದರೊಳಗೇ ಇದ್ದವು. ಕೆಲಸಕ್ಕೆ ಸೇರಿ ಹನ್ನೊಂದು ದಿನವಾಗಿದ್ದರೂ ಆ ಮೇಜಿನ ಮೇಲೆ ತನ್ನದೆಂದು ಒಂದು ಪೆನ್ನನ್ನೂ ಅವಳು ಬಿಟ್ಟುಹೋಗುತ್ತಿರಲಿಲ್ಲ.

ಮೇಷ್ಟ್ರು ಅವಳ ಹೆಗಲ ಕಡೆ ನೋಡಿದರು. "ಎಲ್ಲಿಗಾದ್ರೂ ಹೊರಟಿದ್ರಾ?"

"ಇಲ್ಲ ಸರ್."

"ಕುರ್ಚಿ ವಿಷಯ ಕೇಳೋಣ ಅಂತ ಕರೆದೆ. ನೀವು ಬೆನ್ನು ಆನಿಸಿ ಕೂತಿದ್ದನ್ನ ನಾನು ಇವತ್ತಿನವರೆಗೂ ನೋಡಿಲ್ಲ. ಕುರ್ಚಿ ಸರಿ ಇಲ್ವಾ? ಬೇರೆ ತರಿಸ್ಲಾ?"

ಅವಳು ಕುರ್ಚಿ ಚೆನ್ನಾಗಿಯೇ ಇದೆ ಎಂದು ಹೇಳಿ ಹೊರಗೆ ಬಂದಳು. ಬಂದು ಕೂತ ಮೇಲೂ ಬಹಳ ಹೊತ್ತು ಚೀಲವನ್ನು ಹೆಗಲಿಂದ ಇಳಿಸಲಿಲ್ಲ.

ಹದಿನಾಲ್ಕು ಜನರ ಆ ಸಣ್ಣ ಮಾರ್ಕೆಟಿಂಗ್ ಏಜೆನ್ಸಿಯನ್ನು ಕಟ್ಟಿದವರು ಮೇಷ್ಟ್ರು. ಹಿಂದೆ ಎಲ್ಲೋ ಆರು ವರ್ಷ ಗಣಿತ ಪಾಠ ಮಾಡಿದ್ದರಂತೆ. ಪಾಠ ಬಿಟ್ಟರೂ ಹೆಸರು ಅವರನ್ನು ಬಿಟ್ಟಿರಲಿಲ್ಲ. ಅವಳು ಅಲ್ಲಿಗೆ ಬಂದದ್ದು ಜಾಹೀರಾತಿನ ಬರಹ ಬರೆಯಲು. ಅದೇ ಕೆಲಸವನ್ನು ಹಿಂದಿನ ಆಫೀಸಿನಲ್ಲಿ ಒಂಬತ್ತು ವರ್ಷ ಮಾಡಿದ್ದಳು. ಅಲ್ಲಿನ ಸಾಹೇಬರು "ಒಂದ್ನಿಮಿಷ ಬಾ" ಎಂದು ಯಾರನ್ನಾದರೂ ಕರೆದರೆ, ಹೋದವರು ತಿರುಗಿ ಬರುತ್ತಿದ್ದದ್ದು ತಮ್ಮ ಚೀಲ ತೆಗೆದುಕೊಂಡು ಹೋಗಲಿಕ್ಕೆ ಮಾತ್ರ. ಕಣ್ಣೊರೆಸಿಕೊಳ್ಳುತ್ತ, ಎಲ್ಲರೆದುರು ಚೀಲ ತುಂಬಿಕೊಳ್ಳುವ ಆ ಐದು ನಿಮಿಷಕ್ಕಿಂತ ಮೊದಲೇ ತುಂಬಿಟ್ಟುಕೊಂಡಿರುವುದು ಮೇಲು ಎಂದು ಅವಳು ಕಲಿತಿದ್ದಳು. ಇನ್ನೂ ಬಹಳ ಕಲಿತಿದ್ದಳು. ತಪ್ಪು ಕಂಡರೆ ಕಂಡವರ ಕುತ್ತಿಗೆಗೇ ಬರುತ್ತದೆ, ಆದ್ದರಿಂದ ಕಾಣಬಾರದು. ಕಂಡೇಬಿಟ್ಟರೆ, ಬಾಯಿ ಬಿಡುವ ಮುಂಚೆ ತನ್ನ ಹೆಜ್ಜೆಗುರುತು ಅಳಿಸಿಕೊಳ್ಳಬೇಕು. ಒಂದು ಸಲ ಒತ್ತಕ್ಷರ ಬಿಟ್ಟುಹೋದದ್ದಕ್ಕೆ ಸಾಹೇಬರು ಅವಳನ್ನು ಎಲ್ಲರೂ ಕೂರುವ ಹಾಲ್‌ನ ನಡುವೆ ನಿಲ್ಲಿಸಿ ಅದೇ ಸಾಲನ್ನು ಇಪ್ಪತ್ತು ಬಾರಿ ಗಟ್ಟಿಯಾಗಿ ಓದಿಸಿದ್ದರು. ಆಗ ಅವಳಿಗೆ ಮೂವತ್ತೆಂಟು ವರ್ಷ.

ಇಲ್ಲಿ ಎಲ್ಲ ಉಲ್ಟಾ. ಶುಕ್ರವಾರ ಸಂಜೆ ಟೀ ಕುಡಿಯುತ್ತ ಆ ವಾರ ತಾವು ಮಾಡಿದ ಎಡವಟ್ಟುಗಳನ್ನು ಒಬ್ಬೊಬ್ಬರೇ ಹೇಳಿಕೊಂಡು ಬಿದ್ದುಬಿದ್ದು ನಗುತ್ತಿದ್ದರು. ಸೋಪಿನ ಕಂಪನಿಗೆ ಹೋಗಬೇಕಾದ ಪತ್ರವನ್ನು ಅವರ ಎದುರಾಳಿ ಕಂಪನಿಗೆ ಕಳಿಸಿದ ಕಥೆಯನ್ನು ಮೇಷ್ಟ್ರೇ ಅಭಿನಯಿಸಿ ತೋರಿಸಿದ್ದರು. ಎಲ್ಲರೂ ನಗುವಾಗ ಅವಳೂ ತುಟಿ ಅಗಲಿಸುತ್ತಿದ್ದಳು. ಕಣ್ಣು ಮಾತ್ರ, ಇದನ್ನೆಲ್ಲ ಯಾರು ಎಲ್ಲಿ ಬರೆದಿಟ್ಟುಕೊಳ್ಳುತ್ತಿದ್ದಾರೆ ಎಂದು ಹುಡುಕುತ್ತಿತ್ತು.

"ನಿಮ್ಮದೇನೂ ಇಲ್ವಾ ಅಕ್ಕ?" ಎಂದು ಎದುರು ಮೇಜಿನ ಡಿಸೈನರ್ ಕೇಳಿದ್ದ. ಇಪ್ಪತ್ತಾರರ ಆಸುಪಾಸಿನ ಅವನು ಎಷ್ಟು ತೆಳ್ಳಗಿದ್ದನೆಂದರೆ ಆಫೀಸಿನವರೆಲ್ಲ ಅವನನ್ನು ಕಡ್ಡಿ ಎಂದೇ ಕರೆಯುತ್ತಿದ್ದರು. ಅವಳು ಬರೆದದ್ದನ್ನು ಪುಟಕ್ಕೆ ಕೂರಿಸಿ ಚೆಂದಗಾಣಿಸುವುದು ಅವನ ಕೆಲಸ.

"ಇಲ್ಲಪ್ಪ."

"ಹೊಸಬ್ರಿಗೆ ಒಂದು ತಿಂಗಳು ರಿಯಾಯಿತಿ. ಆಮೇಲೆ ಬಿಡಲ್ಲ ನೋಡಿ."

ಮನೆಗೆ ಬಂದರೂ ಅವಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಒಲೆಯ ಮೇಲಿನದನ್ನು ಬಿಟ್ಟು ಬಟ್ಟೆ ಮಡಚಲು ಹೋಗುವಳು, ಅದನ್ನು ಅರ್ಧಕ್ಕೆ ಬಿಟ್ಟು ಫೋನ್ ನೋಡುವಳು. ಗಂಡ ಆಸ್ಪತ್ರೆಯ ಲ್ಯಾಬಿನಲ್ಲಿ ಮಧ್ಯಾಹ್ನದ ಪಾಳಿ. ಸಂಜೆ ಮನೆಯಲ್ಲಿ ಇರುತ್ತಿದ್ದವರು ಅವಳು ಮತ್ತು ಅತ್ತೆ. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಕುರ್ಚಿಯಲ್ಲಿ ಕೂತೇ ಮನೆಯ ಮೂಲೆಮೂಲೆಯ ಸದ್ದನ್ನೂ ಗುರುತಿಸಬಲ್ಲವರು.

"ಏನೇ ಅದು, ಕಾಲಿಗೆ ಚಕ್ರ ಕಟ್ಕೊಂಡೋಳ ಹಾಗೆ? ಆಫೀಸಲ್ಲಿ ಬೈದ್ರಾ?"

"ಬೈಯೋದೇ ಇಲ್ಲ ಅತ್ತೆ ಅವ್ರು. ಅದೇ ಭಯ. ಎಲ್ಲ ಸೇರಿಸಿ ಒಂದೇ ಸಲ ಬೈಯೋಕೆ ಇಟ್ಕೊಂಡಿದಾರೆ ಅನ್ಸುತ್ತೆ."

"ಬೈಸ್ಕೊಳ್ಳೋಕೆ ಅಷ್ಟೊಂದು ಆಸೆ ಇದ್ರೆ ನಾನಿಲ್ವಾ? ಬಿಟ್ಟಿಯಾಗಿ ಬೈತೀನಿ ಬಾ."

ಅವಳಿಗೆ ನಗು ಬಂತು. ನಕ್ಕು ಮುಗಿಯುವಷ್ಟರಲ್ಲಿ ಮತ್ತೆ ಫೋನ್ ನೋಡಿದಳು.

ಎರಡನೆಯ ವಾರದಲ್ಲಿ ಅವಳಿಗೆ ಏಣಿ ಕಂಪನಿಯ ಕೆಲಸ ಬಂದಿತ್ತು. ಮನೆಬಳಕೆಯ ಮಡಚುವ ಏಣಿಗಳು. ಅದಕ್ಕೊಂದು ನಾಲ್ಕು ಪುಟದ ಕೈಪತ್ರ ಬರೆಯಬೇಕು. ಕಾರ್ಖಾನೆಗೆ ಹೋದಾಗ ಎಪ್ಪತ್ತು ದಾಟಿದ ಅದರ ಯಜಮಾನರು, ಯಾರು ಎಷ್ಟು ಬೇಡವೆಂದರೂ ಕೇಳದೆ, ಎರಡು ಕೈಯಲ್ಲೂ ಕಬ್ಬಿಣದ ತೂಕದ ಬಟ್ಟು ಹಿಡಿದುಕೊಂಡು ತಾವೇ ಏಣಿ ಹತ್ತಿ ತುದಿಯಲ್ಲಿ ನಿಂತಿದ್ದರು. "ನಾನು ಎಪ್ಪತ್ತೈದು ಕಿಲೋ, ಕೈಲಿರೋದು ಮೂವತ್ತು. ಒಟ್ಟು ನೂರೈದು. ಬರ್ಕೊಳ್ಳಮ್ಮ, ನೂರೈದು. ಅದಕ್ಕಿಂತ ಒಂದು ಕಿಲೋನೂ ಜಾಸ್ತಿ ಹೇಳೋದು ಬೇಡ. ನನ್ನ ಏಣಿ ಮೇಲಿಂದ ಇವತ್ತಿನವರೆಗೂ ಯಾರೂ ಬಿದ್ದಿಲ್ಲ." ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಬರೆದ ಕೈಪತ್ರ ಎಲ್ಲರಿಗೂ ಮೆಚ್ಚಿಗೆಯಾಯಿತು. ಕಡ್ಡಿ ಪುಟ ಕಟ್ಟಿದ, ಮೇಷ್ಟ್ರು ಕಣ್ಣಾಡಿಸಿದರು, ಕಾರ್ಖಾನೆಯ ಗುಮಾಸ್ತ ಒಪ್ಪಿಗೆ ಹಾಕಿದ. ಮೂರನೆಯ ಶನಿವಾರ ಮೂರು ಸಾವಿರ ಪ್ರತಿಗಳು ಅಚ್ಚಾಗಿ ಬಂದವು. ಅರ್ಧ ಅಂದೇ ಏಳು ಅಂಗಡಿಗಳಿಗೆ ಹೋದವು, ಅರ್ಧ ಆಫೀಸಿನ ಮೂಲೆಯಲ್ಲಿ ಕೂತವು. ಒಂದನ್ನು ಅವಳು ಮನೆಗೆ ತಂದಳು.

ಭಾನುವಾರ ಮಧ್ಯಾಹ್ನ ಅತ್ತೆ ಅದನ್ನು ಕನ್ನಡಕ ಏರಿಸಿಕೊಂಡು ಮೊದಲಿಂದ ಕೊನೆವರೆಗೆ ಗಟ್ಟಿಯಾಗಿ ಓದಿದರು. ಸೊಸೆ ಬರೆದದ್ದೆಂಬ ಹೆಮ್ಮೆಗೆ ಪ್ರತಿ ಸಾಲಿಗೂ ತಲೆದೂಗುತ್ತಿದ್ದರು. ಅಂಕಿ ಬಂದಾಗ ಮಾತ್ರ ಹಳೆಯ ಕಸುಬಿನ ರೂಢಿಯಂತೆ ಒಂದೊಂದಾಗಿ ಬಿಡಿಸಿ ಓದುತ್ತಿದ್ದರು.

"ಎತ್ತರ ಎರಡು ಪಾಯಿಂಟ್ ನಾಲ್ಕು ಮೀಟರ್. ಹೊರುವ ಭಾರ ಒಂದು, ಐದು, ಸೊನ್ನೆ ಕಿಲೋ."

"ಏನಂದ್ರಿ?"

"ಒಂದು, ಐದು, ಸೊನ್ನೆ."

ಅವಳು ಅತ್ತೆಯ ಕೈಯಿಂದ ಹೆಚ್ಚುಕಡಿಮೆ ಕಿತ್ತುಕೊಂಡೇ ನೋಡಿದಳು. ನೋಟ್‌ಬುಕ್ ತೆಗೆದು ನೋಡಿದಳು. ಅಲ್ಲಿ ನೂರೈದು ಇತ್ತು. ಇಲ್ಲಿ ನೂರೈವತ್ತು. ಟೈಪ್ ಮಾಡುವಾಗ ತಿರುಗಿಹೋಗಿತ್ತು. ನಾಲ್ಕು ಜೋಡಿ ಕಣ್ಣು ಅದರ ಮೇಲೆ ಹಾದುಹೋಗಿದ್ದವು.

ಫೋನ್ ತೆಗೆದುಕೊಂಡು ಬಾಲ್ಕನಿಗೆ ಹೋದಳು. ಮೇಷ್ಟ್ರ ನಂಬರಿನ ಮೇಲೆ ಹೆಬ್ಬೆರಳು ಬಂದು ನಿಂತಿತು, ಒತ್ತಲಿಲ್ಲ. ಭಾನುವಾರ ಅಂಗಡಿಗಳು ಹೇಗೂ ಮುಚ್ಚಿರುತ್ತವೆ ಎಂದುಕೊಂಡಳು. ನಾಳೆ ಬೆಳಿಗ್ಗೆ ತೆರೆಯುವ ಮುಂಚೆ ಹೇಳಿದರಾಯಿತು. ಕೆಳಗಿನ ಬೀದಿಯಲ್ಲಿ ಯಾರೋ ಏಣಿ ಹತ್ತಿ ಗೋಡೆಗೆ ಬಣ್ಣ ಬಳಿಯುತ್ತಿದ್ದರು. ಅತ್ತ ನೋಡದೆ ಒಳಗೆ ಬಂದಳು.

ಸೋಮವಾರ ಏಳೂವರೆಗೆ ಅವಳು ಆಫೀಸಿನಲ್ಲಿದ್ದಳು. ಗುಡಿಸುವವಳು ನೆಲ ಒರೆಸುತ್ತ, "ಇಷ್ಟು ಬೇಗ ಬಂದ್ಬಿಟ್ರಾ ಅಮ್ಮ, ಜಾರೀತು, ನೋಡ್ಕೊಂಡು" ಎಂದಳು. ಅವಳು ಒದ್ದೆ ನೆಲದ ಅಂಚಿನಲ್ಲಿ ನಡೆದು ತನ್ನ ಕಂಪ್ಯೂಟರ್ ಆನ್ ಮಾಡಿದಳು. ತಾನು ಬರೆದ ಮೂಲ ಪುಟ ಎಲ್ಲರೂ ತೆರೆದು ನೋಡಬಹುದಾದ ಜಾಗದಲ್ಲಿತ್ತು. ಅದರಲ್ಲಿ ನೂರೈವತ್ತನ್ನು ಅಳಿಸಿ ನೂರೈದು ಎಂದು ಮಾಡಿದಳು. ಒಂದು ನಿಮಿಷವೂ ಹಿಡಿಯಲಿಲ್ಲ. ಹಾಗೆ ಮಾಡಬೇಕೆಂದು ಅವಳು ರಾತ್ರಿಯೆಲ್ಲ ಕೂತು ಯೋಚಿಸಿದ್ದೇನೂ ಅಲ್ಲ. ಕೈಗೆ ಆ ದಾರಿ ಗೊತ್ತಿತ್ತು, ಅಷ್ಟೆ. ಅದರಿಂದ ಏನಾಗುತ್ತದೆ, ಬರೆದವಳದು ಸರಿಯಿದ್ದರೆ ತಪ್ಪು ಯಾರ ತಲೆಗೆ ಹೋಗುತ್ತದೆ ಎಂಬುದರ ಹತ್ತಿರ ಮನಸ್ಸನ್ನು ಬಿಟ್ಟುಕೊಳ್ಳಲಿಲ್ಲ.

ಒಂಬತ್ತಕ್ಕೆ ಮೇಷ್ಟ್ರು ಬರುತ್ತಿದ್ದಂತೆ ಎದ್ದು ಹೋಗಿ ಹೇಳಿದಳು. "ಸರ್, ಏಣಿ ಕೈಪತ್ರದಲ್ಲಿ ಭಾರದ ಅಂಕಿ ತಪ್ಪಾಗಿದೆ. ನೂರೈದಿರ್ಬೇಕು. ನೂರೈವತ್ತು ಅಂತ ಬಿದ್ದಿದೆ."

ಮೇಷ್ಟ್ರು ಚೀಲ ಕೆಳಗಿಡದೆಯೇ ಕೈಪತ್ರ ತೆಗೆದು ನೋಡಿದರು. ಕಡ್ಡಿ ಓಡಿಬಂದು ಅವಳ ಮೂಲ ಪುಟ ತೆರೆದ. ಅವನ ಕಿವಿ ಕೆಂಪಗಾಗುವುದನ್ನು ಅವಳು ಪಕ್ಕದಲ್ಲೇ ನಿಂತು ನೋಡಿದಳು.

"ನಂದೇ ಮೇಷ್ಟ್ರೇ. ಅಕ್ಕ ಸರಿಯಾಗೇ ಕೊಟ್ಟಿದಾರೆ. ನಾನೇ ಎಲ್ಲೋ ತಿರುಗಿಸಿಬಿಟ್ಟಿದೀನಿ."

ಈಗ ಬೈಗುಳ ಬರುತ್ತದೆ ಎಂದು ಅವಳು ಕಾದಳು. ಬರಲಿಲ್ಲ. ಮೇಷ್ಟ್ರು ಕೈಗಡಿಯಾರ ನೋಡಿಕೊಂಡರು. "ಯಾರದ್ದು ಅನ್ನೋದು ಆಮೇಲಿರ್ಲಿ. ಅಂಗಡಿ ತೆಗೆಯೋಕೆ ಇನ್ನೂ ಒಂದು ಗಂಟೆ ಇದೆ. ಇಬ್ರು ಸ್ಕೂಟರ್ ತಗೊಂಡು ಏಳು ಅಂಗಡಿಗೂ ಹೋಗಿ, ಯಾರಿಗಾದ್ರೂ ಕೊಟ್ಟಿದಾರಾ ಕೇಳಿ, ಎಲ್ಲ ವಾಪಸ್ ತನ್ನಿ. ಅಚ್ಚಿನವರಿಗೆ ಹೇಳಿ ಮಧ್ಯಾಹ್ನದೊಳಗೆ ಚೀಟಿ ಮಾಡಿಸೋಣ, ಅಂಕಿ ಮೇಲೆ ಅಂಟಿಸೋಕೆ. ಕಾರ್ಖಾನೆಗೆ ನಾನು ಫೋನ್ ಮಾಡ್ತೀನಿ." ಆಮೇಲೆ ಅವಳ ಕಡೆ ತಿರುಗಿ, "ನೀವು ನೋಡದೇ ಹೋಗಿದ್ರೆ ಏನು ಗತಿಯಾಗ್ತಿತ್ತು! ನಾನೇ ಎರಡು ಸಲ ಓದಿದೀನಿ, ಕಣ್ಣಿಗೆ ಬಿದ್ದಿಲ್ಲ. ಭೇಷ್" ಎಂದರು. ಯಾರೋ ಚಪ್ಪಾಳೆಯನ್ನೂ ತಟ್ಟಿದರು.

ಅವಳು ನೀರು ಕುಡಿಯಲು ಹೋದಳು. ಲೋಟ ತುಂಬಿ ಕೈಮೇಲೆ ಹರಿದದ್ದು ಗೊತ್ತಾಗಲಿಲ್ಲ.

ಕಾರ್ಖಾನೆಯ ಯಜಮಾನರು ಊರಲ್ಲಿರಲಿಲ್ಲ, ಮರುದಿನ ಬೆಳಿಗ್ಗೆ ಬರುತ್ತಾರೆ ಎಂದು ಗುಮಾಸ್ತ ಹೇಳಿದ. ಅಂಗಡಿಗಳಿಂದ ಕಟ್ಟು ಒಡೆಯದ ಪೆಟ್ಟಿಗೆಗಳೇ ವಾಪಸ್ ಬಂದವು; ಒಂದೂ ಹೊರಗೆ ಹೋಗಿರಲಿಲ್ಲ. ಎಲ್ಲರೂ ಉಸಿರುಬಿಟ್ಟರು. ಹನ್ನೆರಡೂವರೆಗೆ ಚೀಟಿಯ ಸುರುಳಿಗಳು ಬಂದವು. ಕೈ ಖಾಲಿ ಇದ್ದವರೆಲ್ಲ ನೆಲದ ಮೇಲೆ ಕೂತು ಅಂಟಿಸತೊಡಗಿದರು. ಊಟದ ಹೊತ್ತಿಗೆ ಒಬ್ಬೊಬ್ಬರೇ ಎದ್ದುಹೋಗಿ, ಅವಳು ಮತ್ತು ಕಡ್ಡಿ ಉಳಿದರು.

"ನೀವು ಹೋಗಿ ಊಟ ಮಾಡಿ ಅಕ್ಕ."

"ನೀನು?"

"ಹಸಿವಿಲ್ಲ." ಅವನು ಚೀಟಿಯ ಅಂಚನ್ನು ಉಗುರಿನಿಂದ ಒತ್ತಿ ಒತ್ತಿ ಕೂರಿಸುತ್ತಿದ್ದ. "ನನಗೆ ಚಿಕ್ಕವನಿದ್ದಾಗಿಂದ ಅಂಕಿ ತಿರುಗುತ್ತೆ ಅಕ್ಕ. ಹದಿನೇಳು ಅಂದ್ರೆ ಎಪ್ಪತ್ತೊಂದು ಬರೀತಿದ್ದೆ. ಬೇಕಂತ ಮಾಡ್ತಾನೆ ಅಂತ ಅಪ್ಪ ಬೆನ್ನು ಮುರೀತಿದ್ರು. ಆಮೇಲೆ ಒಬ್ಬರು ಟೀಚರ್ ಕಂಡುಹಿಡಿದ್ರು, ಕಣ್ಣಿಗೂ ಕೈಗೂ ನಡುವೆ ಏನೋ ಹೆಚ್ಚುಕಮ್ಮಿ ಅಂತ. ಇಲ್ಲಿ ಸೇರಿದ ಮೇಲೆ ಒಂದು ನಿಯಮ ಇಟ್ಕೊಂಡೆ. ಅಂಕಿ ನಾನು ಟೈಪ್ ಮಾಡಲ್ಲ, ಕೊಟ್ಟಿದ್ದನ್ನ ಹಾಗೇ ಎತ್ತಿ ಅಂಟಿಸ್ತೀನಿ. ಐದು ವರ್ಷ ಒಂದೂ ತಪ್ಪಿಲ್ಲ. ಇದೊಂದನ್ನ ಹೇಗೆ ಟೈಪ್ ಮಾಡಿದೆನೋ, ಎಷ್ಟು ನೆನೆಸ್ಕೊಂಡ್ರೂ ನೆನಪೇ ಬರ್ತಿಲ್ಲ. ಮಾಡಿದ್ದೇ ನೆನಪಿಲ್ಲ ಅಂದ್ರೆ ಇನ್ನೇನೇನು ಮಾಡಿದೀನೋ."

ಅವಳು ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಚೀಟಿ ಸೊಟ್ಟಗೆ ಅಂಟಿತು. ಕೆರೆದು ತೆಗೆಯಲು ಹೋದರೆ ಕಾಗದ ಹರಿಯಿತು. ಈಗ ಹೇಳಬೇಕು ಎಂದುಕೊಂಡಳು. ಈ ಕಟ್ಟು ಮುಗಿಯಲಿ ಎಂದುಕೊಂಡಳು. ಕಟ್ಟು ಮುಗಿಯಿತು. ಎದ್ದು ಮುಖ ತೊಳೆಯಲು ಹೋಗಿ, ಕನ್ನಡಿಯ ಮುಂದೆ ನಿಲ್ಲಲಾರದೆ ಮೆಟ್ಟಿಲಿಳಿದು ಬೀದಿಗೆ ಬಂದಳು. ಎದುರಿನ ಬೀಗದ ಅಂಗಡಿಯವರೆಗೆ ಹೋಗಿ ವಾಪಸ್ ಬಂದಳು, ಮತ್ತೆ ಹೋದಳು. ಅಂಗಡಿಯವನು "ಏನು ಬೇಕಮ್ಮ?" ಎಂದ. "ಏನಿಲ್ಲ" ಎಂದಳು. ಇಷ್ಟಕ್ಕೆಲ್ಲ ಯಾರೂ ಅವನನ್ನು ಕೆಲಸದಿಂದ ತೆಗೆಯುವುದಿಲ್ಲ, ಬೈಯುವುದೂ ಇಲ್ಲ, ನಾಲ್ಕು ದಿನಕ್ಕೆ ಮರೆಯುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಳು. ಮಾತು ನಿಜವೇ. ಆದರೂ ಕಾಲು ನಿಲ್ಲಲಿಲ್ಲ.

ಮೇಲೆ ಬಂದಾಗ ಕಡ್ಡಿ ನೆಲದ ಮೇಲಿರಲಿಲ್ಲ. ಗಾಜಿನ ಕೋಣೆಯಲ್ಲಿ ಮೇಷ್ಟ್ರ ಮೇಜಿನೆದುರು ನಿಂತಿದ್ದ. ಬಾಗಿಲು ಸ್ವಲ್ಪ ತೆರೆದಿತ್ತು. ಮೇಜಿನ ಮೇಲೆ ಅವನ ದಪ್ಪ ಹಸಿರು ಕಡತ ಇತ್ತು. ಅದೇನೆಂದು ಅವಳಿಗೂ ಗೊತ್ತಿತ್ತು. ಒಂದು ಗಡಿಯಾರ ಕಂಪನಿಗಾಗಿ ಅವನು ತಿಂಗಳಿಂದ ಒಂದರಿಂದ ಹನ್ನೆರಡರವರೆಗೆ ಅಂಕಿಗಳನ್ನು ತನ್ನ ಕೈಯಾರೆ ಹೊಸದಾಗಿ ಬರೆಯುತ್ತಿದ್ದ. ಏಳರ ಕೊಕ್ಕು ಹೇಗಿರಬೇಕು, ಎಂಟರ ಹೊಟ್ಟೆ ಎಷ್ಟಿರಬೇಕು ಎಂದು ಎದ್ದುಬಂದು ಅವಳ ಅಭಿಪ್ರಾಯ ಕೇಳುತ್ತಿದ್ದ.

"ಇದನ್ನ ಬೇರೆ ಯಾರಿಗಾದ್ರೂ ಕೊಡಿ ಮೇಷ್ಟ್ರೇ. ಅಂಕಿ ಕೆಲಸ ನನ್ನ ಕೈಲಿ ಬೇಡ."

"ಒಂದು ತಪ್ಪಿಗೆ ಯಾರಾದ್ರೂ ಹೀಗೆ ಮಾಡ್ತಾರೇನೋ?"

"ನನ್ನ ಮೇಲೆ ನನಗೇ ನಂಬಿಕೆ ಹೋಗಿದೆ."

ಅವಳು ಬಾಗಿಲು ತಳ್ಳಿ ಒಳಗೆ ಹೋದಳು. ಕೈಯಲ್ಲಿ ಏನೂ ಇರಲಿಲ್ಲ. ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಕೈ ಎರಡನ್ನೂ ಹಿಂದಕ್ಕೆ ಕಟ್ಟಿಕೊಂಡಳು.

"ಅವನು ತಿರುಗಿಸಿಲ್ಲ" ಎಂದಳು. "ನಾನು ಕೊಟ್ಟಿದ್ದೇ ನೂರೈವತ್ತು. ನಿನ್ನೆ ಮನೇಲಿ ಗೊತ್ತಾಯ್ತು. ಇವತ್ತು ಏಳೂವರೆಗೆ ಬಂದು ನನ್ನ ಪುಟದಲ್ಲಿ ತಿದ್ದಿದೆ. ತಿದ್ದಿ, ಆಮೇಲೆ ನಿಮಗೆ ಹೇಳಿದೆ."

ಹೊರಗೆ ಯಾರೋ ಪೆಟ್ಟಿಗೆಗೆ ಟೇಪು ಎಳೆಯುವ ಸದ್ದು ಬಂತು.

ಕಡ್ಡಿ ಅವಳ ಕಡೆ ತಿರುಗಿದ. "ಬೆಳಿಗ್ಗೆ ನಾನು ನಂದೇ ತಪ್ಪು ಅಂದಾಗ ನೀವು ನನ್ನ ಪಕ್ಕದಲ್ಲೇ ನಿಂತಿದ್ರಿ."

"ಹೌದು."

"ಈಗ ಕೆಳಗೆ ಕೂತು ಎಲ್ಲ ಹೇಳ್ಕೊಂಡಾಗಲೂ."

"ಹೌದು."

ಅವನು ತಲೆಯಾಡಿಸಿದ, ಒಂದು ಲೆಕ್ಕ ತಾಳೆಯಾದವನಂತೆ. ಮೇಜಿನ ಮೇಲಿದ್ದ ಹಸಿರು ಕಡತವನ್ನು ಎತ್ತಿ ಎದೆಗವಚಿಕೊಂಡು ಹೊರಗೆ ಹೋದ. ಬಾಗಿಲನ್ನು ಮೆಲ್ಲಗೇ ಮುಚ್ಚಿದ.

ಮೇಷ್ಟ್ರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಅಂಕಿ ನನ್ನ ಕಣ್ಣಿಗೂ ತಪ್ಪಿತ್ತು. ಅದರಲ್ಲಿ ನನಗೂ ಪಾಲಿದೆ. ಬೆಳಿಗ್ಗೆ ಏಳೂವರೆದು ಬೇರೆ. ಅದಕ್ಕೆ ಹೋಗ್ಲಿ ಬಿಡಿ ಅಂತ ಹೇಳೋ ಹಕ್ಕು ನನಗಿಲ್ಲ. ಅದು ಅವನಿಗೆ ಸೇರಿದ್ದು, ಹೇಳ್ತಾನೋ ಇಲ್ವೋ." ಅವರ ದನಿ ಏರಿರಲಿಲ್ಲ. ಆದರೆ ಎಂದಿನ ಹಗುರ ಅದರಲ್ಲಿರಲಿಲ್ಲ.

"ನಾನು ನಾಳೆಯಿಂದ ಬರೋದು ಬೇಡ್ವಾ ಸರ್?"

"ಯಾರು ಹಾಗಂದ್ರು? ನಾಳೆ ಒಂಬತ್ತಕ್ಕೆ ಏಣಿ ಯಜಮಾನರಿಗೆ ಫೋನ್ ಮಾಡಬೇಕು. ನೀವೇ ಮಾತಾಡಿ. ನಾನು ಪಕ್ಕದಲ್ಲಿರ್ತೀನಿ." ಅಷ್ಟು ಹೇಳಿ ಎದ್ದವರು ಅಂಗಿಯ ತೋಳು ಮಡಚಿಕೊಂಡರು. "ಇನ್ನೆಷ್ಟು ಪೆಟ್ಟಿಗೆ ಉಳಿದಿವೆ?"

"ನಾಲ್ಕು."

ಇಬ್ಬರೂ ನೆಲದ ಮೇಲೆ ಕೂತು ಅಂಟಿಸಿದರು. ಐದೂವರೆಗೆ ಮುಗಿಯಿತು. ಅಷ್ಟರಲ್ಲಿ ಕಡ್ಡಿ ಯಾರಿಗೂ ಹೇಳದೆ ಹೊರಟುಹೋಗಿದ್ದ.

ಸಂಜೆ ಅವಳು ಅತ್ತೆಗೆ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಅತ್ತೆ ಕಣ್ಣು ಮುಚ್ಚಿ, ತಲೆಗೆ ಇನ್ನೂ ಆ ಹಳೆಯ ಹೆಡ್‌ಸೆಟ್ ತೊಟ್ಟವರಂತೆ ಪೂರ್ತಿ ಕೇಳಿಸಿಕೊಂಡರು. ಬೈಯುತ್ತಾರೆಂದು ಕಾದಳು. ಅವರು ಕೇಳಿದ್ದು ಒಂದೇ ಮಾತು.

"ಆ ಹುಡುಗ ಆಮೇಲಾದ್ರೂ ಊಟ ಮಾಡಿದ್ನಾ?"

"ಗೊತ್ತಿಲ್ಲ ಅತ್ತೆ."

ಅತ್ತೆ ಎದ್ದು ಕಿಟಕಿ ಹಾಕಲು ಹೋದರು.

ಮರುದಿನ ಒಂಬತ್ತಕ್ಕೆ ಅವಳು ನಿಂತುಕೊಂಡೇ ಫೋನ್ ಮಾಡಿದಳು. "ಆ ಅಂಕಿ ತಪ್ಪಾಗಿ ಬರೆದವಳು ನಾನು, ನೀವು ಏಣಿ ಮೇಲೆ ನಿಂತು ಹೇಳಿದ್ದನ್ನ ನಾನೇ ಬರ್ಕೊಂಡಿದ್ದೆ" ಎಂದಳು. ಆಚೆಯಿಂದ ಬೈಗುಳ ಬಂತು. ನಲವತ್ತೆಂಟು ವರ್ಷದ ಹೆಸರು, ಅಪ್ಪ ಹಾಕಿದ ಅಡಿಪಾಯ, ಬಿದ್ದು ಸೊಂಟ ಮುರಿದುಕೊಂಡಿದ್ದರೆ ಯಾರು ಹೊಣೆ, ಕಣ್ಣು ಹಣೆಯಲ್ಲಿತ್ತೋ ನೆತ್ತಿಯಲ್ಲಿತ್ತೋ, ಇಷ್ಟು ಓದಿ ಏನು ಬಂತು! ಮುದುಕರ ದನಿ ಫೋನಿನಿಂದ ಹೊರಚೆಲ್ಲಿ ಕೋಣೆ ತುಂಬಿತು. ಮೇಷ್ಟ್ರು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ಫೋನ್ ತೆಗೆದುಕೊಳ್ಳಲು ಬರಲಿಲ್ಲ, ದೂರ ಸರಿಯಲೂ ಇಲ್ಲ. ಅವಳು ನಡುವೆ ಎರಡು ಸಲ "ಹೌದು" ಎಂದಳು, ಒಂದು ಸಲ "ನಿಜ" ಎಂದಳು. ಮುದುಕರಿಗೆ ಕೆಮ್ಮು ಬಂತು. ಕೆಮ್ಮಿ, ನೀರು ಕುಡಿದು, "ಅಂಟಿಸಿರೋದನ್ನ ಒಂದು ಕಳಿಸಿಕೊಡಿ, ನಾನೇ ನೋಡ್ಬೇಕು" ಎಂದು ಇಟ್ಟರು.

ಅವಳು ಹೊರಗೆ ಬಂದಳು. ಬಿಸಿಲು ಮೇಜಿನ ಅರ್ಧದವರೆಗೆ ಬಂದಿತ್ತು. ಕಡ್ಡಿ ಎದುರಿನ ಜಾಗದಲ್ಲಿ ಎರಡೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಬೆನ್ನು ಬಗ್ಗಿಸಿ ಕೆಲಸ ಮಾಡುತ್ತಿದ್ದ. ತಲೆ ಎತ್ತಲಿಲ್ಲ. ಅವಳೂ ಮಾತಾಡಿಸಲಿಲ್ಲ.

ಹನ್ನೊಂದರ ಹೊತ್ತಿಗೆ ಅವನು ಎದ್ದು ಬಂದು ಅವಳ ಮೇಜಿನ ಮೇಲೆ ಒಂದು ಹಾಳೆ ಇಟ್ಟ. ಯಾವುದೋ ಔಷಧಿ ಅಂಗಡಿಯ ಜಾಹೀರಾತು. ಫೋನ್ ನಂಬರುಗಳು, ವೇಳೆ, ಮನೆ ನಂಬರು, ರಸ್ತೆಯ ನಂಬರು. ಪ್ರತಿ ಅಂಕಿಯ ಪಕ್ಕ ಪೆನ್ಸಿಲಿನಲ್ಲಿ ಒಂದು ಸಣ್ಣ ಗುರುತು ಇತ್ತು, ಅದರ ಪಕ್ಕ ಇನ್ನೊಂದು ಗುರುತಿಗಾಗಿ ಬಿಟ್ಟ ಜಾಗ.

"ಇನ್ಮೇಲೆ ಇಬ್ರೂ ನೋಡ್ಬೇಕು ಮೇಡಂ" ಎಂದ. "ನಿಮ್ಮದನ್ನ ನಾನು, ನಂದನ್ನ ನೀವು." ಅಷ್ಟೇ ಹೇಳಿ ಹೋಗಿ ಕೂತ.

ಅವಳು ಪೆನ್ಸಿಲ್ ತೆಗೆದುಕೊಂಡಳು. ಮೊದಲ ನಂಬರಿನ ಕೆಳಗೆ ಬೆರಳಿಟ್ಟು, ಒಂದೊಂದೇ ಅಂಕಿಯನ್ನು ಬಿಡಿಸಿ ಮೆಲುದನಿಯಲ್ಲಿ ಓದತೊಡಗಿದಳು. ಒಂಬತ್ತು, ಎರಡು, ನಾಲ್ಕು, ನಾಲ್ಕು. ಎದುರಿನವನು ಪರದೆಯಿಂದ ಕಣ್ಣು ತೆಗೆದಿರಲಿಲ್ಲ. ಹೆಡ್‌ಫೋನನ್ನು ಒಂದು ಕಿವಿಯಿಂದ ಹಿಂದಕ್ಕೆ ಸರಿಸಿಕೊಂಡಿದ್ದ.